ಬಜಪೆಯ ಎರಡನೇ ಮಹಡಿಯಲ್ಲಿ ಯಶ್ಮಿತಾ ಕುಳಿತದ್ದರ ಬಗ್ಗೆ

ನಾನು ನಿತ್ಯಾನಂದ ಆಳ್ವ, ಪ್ರಾಯ 58 ವರ್ಷ, ತಂದೆ ದಿವಂಗತ ಮಂಜಯ್ಯ ಆಳ್ವ, ಉದ್ಯೋಗ ಹೋಟೆಲ್ ವ್ಯಾಪಾರ, ವಾಸ ಜೆಪ್ಪು, ಮಂಗಳೂರು. ದಿನಾಂಕ 09-10-2025ರಂದು ಸಂಜೆ ಬಜಪೆ ಪೊಲೀಸ್ ಠಾಣೆಗೆ ಹಾಜರಾಗಿ, ಕೇಳಿದ್ದಕ್ಕೆ ಉತ್ತರವಾಗಿಯೂ ಕೇಳದೆ ಇದ್ದದ್ದನ್ನು ನಾನಾಗಿಯೂ ಹೇಳುವುದು ಈ ಕೆಳಗಿನಂತಿದೆ.

ಬಜಪೆ ಪೇಟೆಯಲ್ಲಿ ನನ್ನ ಹೆಂಡತಿ ಶಶಿಪ್ರಭಾಳ ಹೆಸರಿನಲ್ಲಿ ಒಂದು ಕಟ್ಟಡವಿದೆ. ನೆಲ ಅಂತಸ್ತಿನಲ್ಲಿ ನನ್ನ ಹೋಟೆಲು ನಡೆಯುತ್ತದೆ. ಎರಡನೇ ಮಹಡಿಯ ಎರಡು ಕೋಣೆಗಳನ್ನು ಕುರ್ಚಿ, ಮೇಜು, ಕಬ್ಬಿಣದ ಕಪಾಟಿನ ಸಮೇತ ಎರಡು ವರ್ಷಗಳ ಹಿಂದೆ ಶ್ರವಣ್ ಎಂಬವರಿಗೆ ಬಾಡಿಗೆಗೆ ಕೊಟ್ಟಿರುತ್ತೇನೆ. ಅವರು ಅಲ್ಲಿ ‘ಸಿಲ್ವರ್ ಗಲ್ ಓವರ್‌ಸೀಸ್ ಕೆರಿಯರ್ಸ್’ ಎಂದು ಬೋರ್ಡು ಹಾಕಿ, ನರ್ಸಿಂಗ್ ಕಲಿತು ವಿದೇಶಕ್ಕೆ ಹೋಗಬಯಸುವ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದ್ದರು. ವಿಮಾನ ನಿಲ್ದಾಣ ಹತ್ತಿರವೇ ಇರುವುದರಿಂದ ಆ ಕೋಣೆಯ ಕಿಟಕಿಯಿಂದ ವಿಮಾನ ಏರುವುದು ಚೆನ್ನಾಗಿ ಕಾಣುತ್ತದೆ. ಮಗಳನ್ನು ಕರೆದುಕೊಂಡು ಬಂದ ಹೆತ್ತವರನ್ನು ಕಿಟಕಿಯ ಬಳಿ ನಿಲ್ಲಿಸಿ ವಿಮಾನ ತೋರಿಸುವುದು ಶ್ರವಣ್ ರವರ ಕ್ರಮ. ಅದನ್ನು ಕಂಡು ಬುದ್ಧಿವಂತ ಎಂದು ನಾನು ಮೆಚ್ಚಿಕೊಂಡದ್ದೂ ಉಂಟು. ನಮ್ಮದೇ ಜನ, ಮಾತು ಮೃದು, ಬಾಡಿಗೆ ತಪ್ಪಿಸಿದವರಲ್ಲ ಎಂಬ ಕಾರಣಕ್ಕೆ ಅವರ ವ್ಯವಹಾರವನ್ನು ನಾನು ಹೆಚ್ಚು ವಿಚಾರಿಸಿರಲಿಲ್ಲ. ಇದರ ಬಗ್ಗೆ ನನ್ನ ಹೆಂಡತಿ ಮಧ್ಯಾಹ್ನದಿಂದ ಏನೇನು ಹೇಳುತ್ತಿದ್ದಾಳೆ ಎಂಬುದು ಈ ಹೇಳಿಕೆಗೆ ಸಂಬಂಧಪಡುವುದಿಲ್ಲ.

ಇಂದು ಬೆಳಗ್ಗೆ 10.40ಕ್ಕೆ ನಾನು ಹೋಟೆಲಿನ ಗಲ್ಲೆಯಲ್ಲಿ ಹಣ ಎಣಿಸುತ್ತಾ ಕುಳಿತಿದ್ದಾಗ ಶ್ರವಣ್ ಫೋನ್ ಮಾಡಿ, ಮೇಲೆ ಒಬ್ಬಳು ಹುಡುಗಿ ತಾಯಿಯೊಂದಿಗೆ ಬಂದು ಕುಳಿತಿದ್ದಾಳೆ, ಎದ್ದು ಹೋಗುವುದಿಲ್ಲ ಎನ್ನುತ್ತಿದ್ದಾಳೆ, ಬೇರೆ ಪಾರ್ಟಿಗಳು ಬರುವ ಹೊತ್ತು, ತಾವು ಕಟ್ಟಡದ ಮಾಲೀಕರಾಗಿ ಬಂದು ಎಬ್ಬಿಸಬೇಕು ಎಂದು ಕೇಳಿಕೊಂಡರು. ಊಟದ ತಯಾರಿಯ ಹೊತ್ತಿನಲ್ಲಿ ನನ್ನನ್ನು ಮೇಲೆ ಹತ್ತಿಸಿದವರ ಮೇಲೆಲ್ಲ ನನಗೆ ಸಿಟ್ಟು ಬಂದಿತ್ತು. ಹೋದವನೇ, ಇದು ಬಸ್ ಸ್ಟ್ಯಾಂಡ್ ಅಲ್ಲ, ಕೆಲಸ ಇಲ್ಲದವರು ಕೂರುವ ಜಾಗ ಅಲ್ಲ ಎಂದು ಸ್ವಲ್ಪ ದೊಡ್ಡ ಸ್ವರದಲ್ಲಿ ಹೇಳಿದೆ. ಹುಡುಗಿ ತಕ್ಷಣ ಎದ್ದು ನಿಂತಳು. ಆಕೆಯ ಹೆಸರು ಯಶ್ಮಿತಾ, ಪ್ರಾಯ 18, ಶಕ್ತಿನಗರದವಳು ಎಂದು ನಂತರ ತಿಳಿಯಿತು. ಆಕೆಯ ಮಾತುಗಳನ್ನು ಆಕೆ ಆಡಿದ ಹಾಗೆಯೇ ಬರೆದುಕೊಳ್ಳಬೇಕೆಂದು ನಾನು ಕೋರಿರುತ್ತೇನೆ.

“ಸರ್, ನಾನು ಗಲಾಟೆಗೆ ಬಂದದ್ದಲ್ಲ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇವರ ಹತ್ರ ಉಂಟು. ಅದು ಸಿಕ್ಕಿದ ಕೂಡ್ಲೇ ಹೋಗ್ತೇನೆ. ಕೂರ್ಬಾರ್ದು ಅಂತ ಆದ್ರೆ ನಿಂತೇ ಕಾಯ್ತೇನೆ.”

ಹೋಟೆಲಿನಲ್ಲಿ ನಾನು ಬಗೆಬಗೆಯ ಜಗಳಗಂಟರನ್ನು ನೋಡಿದ್ದೇನೆ. ಕೂಗಾಡುವವರನ್ನು ಹೊರಗೆ ಕಳುಹಿಸುವುದು ಸುಲಭ. ನಿಂತೇ ಕಾಯುತ್ತೇನೆ ಎಂದು ತಣ್ಣಗೆ ಹೇಳುವವರನ್ನು ಕಳುಹಿಸುವುದು ಕಷ್ಟ. ಕುಳಿತುಕೊ ಎಂದು ನಾನೇ ಹೇಳಬೇಕಾಯಿತು.

ಆಕೆ ಮತ್ತು ಆಕೆಯ ತಾಯಿ ಹೇಮಾಕ್ಷಿ ತಿಳಿಸಿದ್ದು ಏನೆಂದರೆ: ಯಶ್ಮಿತಾ ಸಿಇಟಿ ಬರೆದು, ನಗರದ ಹೊರಗಿನ ಒಂದು ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಪಡೆದಿದ್ದಾಳೆ. ನಾಳೆ ದಿನಾಂಕ 10ರಂದು ಮಧ್ಯಾಹ್ನ 12 ಗಂಟೆಯೊಳಗೆ ಮೂಲ ಅಂಕಪಟ್ಟಿಗಳನ್ನು ಕಾಲೇಜಿನಲ್ಲಿ ತೋರಿಸಿ ಸೇರಿಕೊಳ್ಳದಿದ್ದರೆ ಸೀಟು ಹೋಗುತ್ತದೆ. ಆದರೆ ಅಂಕಪಟ್ಟಿಗಳನ್ನು ಶ್ರವಣ್ ಕಪಾಟಿನಲ್ಲಿ ಇಟ್ಟುಕೊಂಡಿದ್ದು, ತಂದುಕೊಟ್ಟವರೇ ಬಂದು ಸಹಿ ಹಾಕದೆ ಕೊಡುವುದಿಲ್ಲ ಎನ್ನುತ್ತಿದ್ದರು. ತಂದುಕೊಟ್ಟವರು ಹುಡುಗಿಯ ಸೋದರಮಾವ ಲತೇಶ್. ಅವರು ಬಹರೈನಿನಲ್ಲಿ ಟ್ರೈಲರ್ ಚಾಲಕರು.

ಈ ಹೇಳಿಕೆ ಬರೆದುಕೊಳ್ಳುತ್ತಿರುವ ತಾವು ಘಟ್ಟದ ಮೇಲಿನಿಂದ ಬಂದವರಾದ್ದರಿಂದ ಇಲ್ಲಿ ಒಂದು ವಿಷಯ ತಿಳಿಸಬೇಕು. ನಮ್ಮ ತುಳುವರಲ್ಲಿ ಸೋದರಮಾವನ ಮಾತಿಗೆ ಈಗಲೂ ತೂಕ ಜಾಸ್ತಿ. ತಂದೆ ಇಲ್ಲದ ಮನೆಯಲ್ಲಂತೂ ಅಳಿಯ, ಸೊಸೆ, ಅಂದರೆ ಸೋದರಿಯ ಮಕ್ಕಳು, ಏನು ಕಲಿಯಬೇಕು ಎಂಬುದನ್ನು ಆತ ಹೇಳಿದರೆ ಅಕ್ಕ ತಂಗಿಯರು ಎದುರು ಮಾತಾಡುವುದಿಲ್ಲ. ಈ ಲತೇಶ್ ಜೂನ್ ತಿಂಗಳಲ್ಲಿ ರಜೆಯಲ್ಲಿ ಬಂದಿಳಿದವರು, ಮನೆಗೆ ಹೋಗುವ ದಾರಿಯಲ್ಲಿಯೇ ಟ್ಯಾಕ್ಸಿಯ ಕಿಟಕಿಯಿಂದ ನನ್ನ ಕಟ್ಟಡದ ಬೋರ್ಡು ನೋಡಿದ್ದಾರೆ. ಮರುದಿನ ಬಂದು ವಿಚಾರಿಸಿದಾಗ, ಶ್ರವಣ್ ಕೂಡ ಹಿಂದೆ ಬಹರೈನಿನ ಸಲ್ಮಾಬಾದಿನಲ್ಲಿ ಲತೇಶ್ ಇದ್ದ ಕಾರ್ಮಿಕರ ಕ್ಯಾಂಪಿನಲ್ಲಿಯೇ ಇದ್ದವರೆಂದು ಗೊತ್ತಾಗಿದೆ. ಇಬ್ಬರೂ ಒಂದೇ ಮೆಸ್ಸಿನ ಸಾರು ಬೈದುಕೊಂಡು ಉಂಡವರು. ಅಷ್ಟು ಸಾಕಾಯಿತು. ಕೊಲ್ಲಿ ದೇಶಗಳಲ್ಲಿ ಒಂದೇ ಕ್ಯಾಂಪಿನಲ್ಲಿ ಇದ್ದವರು ಒಬ್ಬರನ್ನೊಬ್ಬರು ಸ್ವಂತ ತಮ್ಮನಿಗಿಂತ ಹೆಚ್ಚು ನಂಬುತ್ತಾರೆ, ನನ್ನ ಹೋಟೆಲಿಗೆ ಬರುವವರಲ್ಲಿ ಇದನ್ನು ದಿನಾ ನೋಡುತ್ತೇನೆ. ಅರ್ಧ ಗಂಟೆಯಲ್ಲಿ ಲತೇಶ್ ಸೊಸೆಯ ಭವಿಷ್ಯ ನಿಶ್ಚಯಿಸಿ, ಒಂದು ವರ್ಷದ ‘ನರ್ಸಿಂಗ್ ಕೇರ್ ಡಿಪ್ಲೊಮಾ’, ನಂತರ ನೇರ ಜರ್ಮನಿ ಎಂದು ಒಪ್ಪಿ, ಅಂಕಪಟ್ಟಿಗಳನ್ನು ಕೊಟ್ಟು ಬಹರೈನಿಗೆ ಮರಳಿದ್ದಾರೆ. ಹುಡುಗಿಯನ್ನು ಕೇಳಲಿಲ್ಲ.

ನಾನು ವ್ಯಾಪಾರಸ್ಥನಾದ್ದರಿಂದ ನನಗೂ ನಾಲ್ಕು ವರ್ಷಕ್ಕಿಂತ ಒಂದು ವರ್ಷವೇ ಲಾಭ ಎಂದು ಕಂಡಿತು. ಹಾಗೆಯೇ ಹೇಳಿದೆ. ಅದಕ್ಕೆ ಹುಡುಗಿ ಬೇಸರಿಸಿಕೊಳ್ಳದೆ ವಿವರಿಸಿದಳು. ಈ ಒಂದು ವರ್ಷದ ಕೋರ್ಸಿಗೆ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇಲ್ಲ, ಮುಗಿಸಿದವಳಿಗೆ ರಿಜಿಸ್ಟ್ರೇಷನ್ ನಂಬರ್ ಸಿಗುವುದಿಲ್ಲ, ಆ ನಂಬರ್ ಇಲ್ಲದವಳು ಇಲ್ಲಿಯೂ ನರ್ಸ್ ಅಲ್ಲ, ಎಲ್ಲಿಯೂ ಅಲ್ಲ. ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಆದರೂ ಸರಿ, ನಾಲ್ಕು ವರ್ಷದ ಬಿಎಸ್ಸಿ ಆದರೂ ಸರಿ, ನಂಬರ್ ಸಿಗುತ್ತದೆ. ತಾನು ಬಿಎಸ್ಸಿಯನ್ನೇ ಆರಿಸಿದ್ದು, ಮುಂದೆ ಯಾವ ದೇಶದ ಬಾಗಿಲಿಗೆ ಹೋದರೂ ಇನ್ನಷ್ಟು ಓದಿ ಬಾ ಎಂದು ವಾಪಸು ಕಳುಹಿಸಬಾರದು ಎಂದು. ಅದಾದ ನಂತರ ಎರಡು ವರ್ಷ ಇಲ್ಲಿಯೇ ವಾರ್ಡಿನಲ್ಲಿ ಕೆಲಸ, ಆಮೇಲೆ ಆ ದೇಶದ ಪರೀಕ್ಷೆ. ತಮ್ಮ ಓಣಿಯ ಟಾನ್ಯಾ ಎಂಬವರು ಐರ್ಲೆಂಡಿನಲ್ಲಿ ನರ್ಸ್ ಆಗಿದ್ದು, ಅವರಲ್ಲಿ ಕೇಳಿ ಕೇಳಿ ಇದನ್ನೆಲ್ಲ ತಿಳಿದುಕೊಂಡಿದ್ದಾಗಿಯೂ ಹೇಳಿದಳು.

“ಟಾನ್ಯಕ್ಕ ಹೇಳಿದ್ದು ಇಷ್ಟೇ ಸರ್, ಮೊದ್ಲು ಊರಲ್ಲಿ ನರ್ಸ್ ಆಗು, ಮತ್ತೆ ದೇಶ ಹುಡುಕು ಅಂತ. ನಂಗೂ ಹೋಗ್ಲಿಕ್ಕೆ ಉಂಟು. ಆದ್ರೆ ಅಲ್ಲಿ ಹೋಗಿ ಯಾರದ್ದೋ ಮನೆಯಲ್ಲಿ ಪಾತ್ರೆ ತೊಳೀಲಿಕ್ಕೆ ಅಲ್ಲ, ನರ್ಸ್ ಆಗಿ ಹೋಗ್ಲಿಕ್ಕೆ.”

ನಾನು ಒಳಗೆ ಹೋಗಿ ಶ್ರವಣ್ ರವರಲ್ಲಿ ಕೋರ್ಸಿಗೆ ಮಾನ್ಯತೆ ಉಂಟೇ ಎಂದು ಕೇಳಿದೆ. ಇಂಟರ್‌ನ್ಯಾಷನಲ್ ಮಾನ್ಯತೆ ಉಂಟು ಎಂದರು. ಯಾವ ಇಂಟರ್‌ನ್ಯಾಷನಲ್ ಎಂದು ಕೇಳಿದೆ. ಅವರು ನನ್ನ ಹೋಟೆಲಿನಿಂದಲೇ ನನಗೆ ಒಂದು ಕಾಫಿ ತರಿಸಿದರು. ಅದರ ಮೇಲೆ ನನಗೆ ಸಂಶಯ ಬಲವಾಯಿತು.

ಸುಮಾರು 11.50ಕ್ಕೆ ಹೇಮಾಕ್ಷಿಯವರ ಫೋನಿಗೆ ಲತೇಶ್ ವಿಡಿಯೋ ಕಾಲ್ ಮಾಡಿದರು. ಶ್ರವಣ್ ಮೊದಲೇ ಲತೇಶರಿಗೆ ದೂರು ಕೊಟ್ಟಿದ್ದರೆಂದು ಕಾಣುತ್ತದೆ. ಲತೇಶ್ ಟ್ರೈಲರಿನ ಸೀಟಿನಲ್ಲಿ ಕುಳಿತು ತಂಗಿಗೆ ಬೈದ ಸ್ವರ ಮೆಟ್ಟಿಲಿನವರೆಗೆ ಕೇಳುತ್ತಿತ್ತು. ತಾನು ಒಂದು ಸಲ ಮಾತು ಕೊಟ್ಟ ಮೇಲೆ ಮನೆಯವರು ಅದನ್ನು ಮುರಿದು ತನ್ನ ಮರ್ಯಾದೆ ತೆಗೆಯುತ್ತಿದ್ದಾರೆ, ಇನ್ನು ಈ ಮನೆಯ ಯಾವ ಸಂಗತಿಗೂ ತನ್ನನ್ನು ಕರೆಯಬೇಡಿ ಎಂದರು. ಹೇಮಾಕ್ಷಿಯವರು ತಲೆ ತಗ್ಗಿಸಿ ಹೂಂ ಹೂಂ ಎನ್ನುತ್ತಿದ್ದರು. ಆಗ ಹುಡುಗಿ ತಾಯಿಯ ಕೈಯಿಂದ ಫೋನ್ ತೆಗೆದುಕೊಂಡಳು.

“ಮಾಮ, ಒಂದೇ ಒಂದು ಕೇಳ್ತೇನೆ, ಮತ್ತೆ ಬೈಯಿರಿ. ನೀವು ಅಲ್ಲಿ ಹೋದ ಸುರುವಿಗೆ ಹೆವಿ ಲೈಸೆನ್ಸ್ ಆಗುವವರೆಗೆ ನಿಮ್ಗೆ ಟ್ರೈಲರ್ ಕೊಟ್ರಾ?”

ಕೊಡಲಿಲ್ಲ, ಎರಡು ವರ್ಷ ಕ್ಲೀನರ್ ಆಗಿದ್ದೆ, ಅದು ನಿನಗೂ ಗೊತ್ತುಂಟಲ್ಲ ಎಂದು ಲತೇಶ್ ಹೇಳಿದರು.

“ಶ್ರವಣಣ್ಣನ ಕೋರ್ಸಲ್ಲಿ ಲೈಸೆನ್ಸ್ ಇಲ್ಲ ಮಾಮ. ನಾನು ಜನ್ಮ ಇಡೀ ಕ್ಲೀನರ್ ಆಗಿ ಇರ್ಬೇಕಾ?”

ಲತೇಶ್ ಫೋನನ್ನು ಶ್ರವಣ್ ಕೈಗೆ ಕೊಡಲು ಹೇಳಿ, ಹುಡುಗಿಯ ಕಾಗದಗಳನ್ನು ಈಗಲೇ ಕೊಟ್ಟುಬಿಡು ಎಂದರು. ಶ್ರವಣ್ ಅದಕ್ಕೂ, ರೂಲ್ಸ್ ಪ್ರಕಾರ ತಾವು ಇಲ್ಲಿಗೆ ಬಂದು ಸಹಿ ಹಾಕಬೇಕು ಎಂದರು. ಆಗ ಲತೇಶ್ ಆಡಿದ ಮಾತುಗಳನ್ನು ದಾಖಲಿಸುವುದು ಬೇಡ. ಅವುಗಳಲ್ಲಿ ತುಳುವೂ ಇತ್ತು, ಅರಬಿಯೂ ಇತ್ತು. ಒಂದೇ ಕ್ಯಾಂಪಿನ ಸ್ನೇಹ ಅಲ್ಲಿಗೆ ಮುಗಿಯಿತು.

12.30ರ ಹೊತ್ತಿಗೆ ಉಮರಬ್ಬ ಎಂಬವರು ತಮ್ಮ ಮಗಳು ಹನಾನ್‌ಳೊಂದಿಗೆ ಅಡ್ಮಿಶನ್‌ಗೆ ಬಂದರು. ಅಂಕಪಟ್ಟಿಗಳು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಅವರ ಕಂಕುಳಲ್ಲಿದ್ದವು. ಯಶ್ಮಿತಾ ಉಮರಬ್ಬರನ್ನು ತಡೆಯಲಿಲ್ಲ. ಎದ್ದು ಅವರಿಗೆ ಜಾಗ ಕೊಟ್ಟು, ಬಹಳ ವಿನಯದಿಂದ ಹೀಗೆ ಹೇಳಿದಳು: “ಸಾಹೇಬ್ರೆ, ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿ. ಇದು ಕಲಿತ್ರೆ ನನ್ನ ಮಗಳಿಗೆ ನರ್ಸಿಂಗ್ ಕೌನ್ಸಿಲಿನ ನಂಬರ್ ಸಿಗ್ತದಾ ಅಂತ. ಸಿಗ್ತದೆ ಅಂತ ಬರೆದು ಕೊಟ್ರೆ ಧೈರ್ಯದಲ್ಲಿ ಸೇರಿಸಿ.” ಉಮರಬ್ಬ ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಗೆ ಬಂದರು. ಮನೆಗೆ ಹೋಗಲಿಲ್ಲ, ಮಗಳ ಸಮೇತ ಯಶ್ಮಿತಾಳ ಪಕ್ಕದಲ್ಲಿ ಕುಳಿತರು. ಎಂತ ಹೇಳಿದರು ಎಂದು ನಾನು ಕೇಳಿದ್ದಕ್ಕೆ, “ಎಂತ ಹೇಳುದು ಮಾರಾಯ್ರೆ, ವಿಮಾನ ತೋರಿಸಿದ್ರು” ಎಂದರು.

ಆ ನಂತರ ಬಂದ ಮತ್ತೊಂದು ಮನೆಯವರೂ ಅದೇ ಪ್ರಶ್ನೆ ಕೇಳಿ, ಅಲ್ಲಿಯೇ ಕುಳಿತರು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ, ಒಂದು ಕುರ್ಚಿ ಅಲುಗಿಸಲಿಲ್ಲ. ಕಚೇರಿಯಲ್ಲಿ ದಾಂಧಲೆ ನಡೆಯಿತು ಎಂದು ಶ್ರವಣ್ ತಮ್ಮಲ್ಲಿ ಹೇಳಿರುವುದು ಸುಳ್ಳು. ನಾನು ಕೆಳಗಿನಿಂದ ಎಲ್ಲರಿಗೂ ಊಟ ಕಳುಹಿಸಿದೆ. ಆರ್ಡರ್ ಕೊಡದೆ ಕುಳಿತವರಿಗೆ ನನ್ನ ಹೋಟೆಲಿನಿಂದ ಊಟ ಹೋದದ್ದು ಇದೇ ಮೊದಲು. ಅಡುಗೆಯವರು ನನಗೆ ಹುಷಾರಿಲ್ಲವೇ ಎಂದು ಕೇಳಿದರು.

ಮಧ್ಯಾಹ್ನ 2.15ಕ್ಕೆ ಶ್ರವಣ್ ಕಪಾಟಿನ ಬೀಗ ತೆಗೆದು, ಯಶ್ಮಿತಾಳ ಅಂಕಪಟ್ಟಿಗಳನ್ನು ತಂದು ಆಕೆಯ ಮುಂದೆ ಹಿಡಿದು, ಇದನ್ನು ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಹೊರಡು ಎಂದರು. ಹೇಮಾಕ್ಷಿಯವರು ಎರಡೂ ಕೈ ಚಾಚಿದರು. ನಾನೂ ದೇವರೇ ಮುಗಿಯಿತಲ್ಲ ಎಂದುಕೊಂಡೆ. ಹುಡುಗಿ ತೆಗೆದುಕೊಂಡು ಹೆಸರು, ನಂಬರ್ ಎಲ್ಲ ನೋಡಿದಳು. ಆದರೆ ಎದ್ದು ಹೋಗಲಿಲ್ಲ. ತೆರೆದಿದ್ದ ಕಪಾಟಿನಲ್ಲಿ ಅಂಥದೇ ಕವರುಗಳು ಒಂದರ ಮೇಲೊಂದು ಅಟ್ಟಿಯಾಗಿ ಇರುವುದನ್ನು ಆಕೆ ನೋಡಿದ್ದಳು. ಅವು ಯಾರದ್ದು ಎಂದು ಕೇಳಿದಳು. ಈಗಾಗಲೇ ಸೇರಿದವರದ್ದು, ನಿನಗೆ ಅದು ಸಂಬಂಧವಿಲ್ಲ ಎಂದು ಶ್ರವಣ್ ಹೇಳಿದರು. ಅವರಲ್ಲಿ ಯಾರಿಗಾದರೂ ವಾಪಸು ಬೇಕೆಂದರೆ ಕೊಡುತ್ತೀರಾ ಎಂದು ಕೇಳಿದಳು. ಕೋರ್ಸ್ ಮುಗಿಯದೆ ಕೊಡುವ ಪ್ರಶ್ನೆಯೇ ಇಲ್ಲ ಎಂದರು.

ಆ ಹುಡುಗಿಯರಲ್ಲಿ ಕೆಲವರನ್ನು ನಾನೂ ಬಲ್ಲೆ. ಕೊಡಗು, ಮೂಡಿಗೆರೆ ಕಡೆಯ ಮಕ್ಕಳು, ಹಿಂದಿನ ಓಣಿಯ ಒಂದು ಮನೆಯಲ್ಲಿ ಇದ್ದಾರೆ. ನನ್ನ ಹೋಟೆಲಿಗೆ ಬಂದು ಒಂದು ಪ್ಲೇಟ್ ಬನ್ಸ್ ತೆಗೆದುಕೊಂಡು ಇಬ್ಬರು ತಿನ್ನುತ್ತಾರೆ. ಕೋರ್ಸಿಗೆ ಸೇರಿ ನಾಲ್ಕು ತಿಂಗಳಾದರೂ ಒಂದು ಆಸ್ಪತ್ರೆಯ ಒಳಗೆ ಕಾಲಿಟ್ಟಿಲ್ಲ ಎಂದು ಅವರು ಮಾತಾಡಿಕೊಳ್ಳುತ್ತಿದ್ದದ್ದನ್ನು ನಾನು ಗಲ್ಲೆಯಿಂದ ಕೇಳಿದ್ದೆ. ಕೇಳಿ ಚಿಲ್ಲರೆ ಎಣಿಸಿಕೊಟ್ಟಿದ್ದೆ, ಅಷ್ಟೆ.

ಇಲ್ಲಿಂದ ಮುಂದೆ ಶ್ರವಣ್‌ನಿಗೆ ಬಹುವಚನ ಬಳಸುವ ಅಗತ್ಯ ನನಗೆ ಕಾಣುವುದಿಲ್ಲ.

ಯಶ್ಮಿತಾ ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದಾಗ ನಾನೇ ಆಕೆಯನ್ನು ಬದಿಗೆ ಕರೆದು ಬುದ್ಧಿ ಹೇಳಿದೆ. ನನ್ನ ಹೋಟೆಲಿನ ಸ್ಕೂಟರ್ ಹಿಂದೊಮ್ಮೆ ಕಳವಾಗಿ, ಸಿಕ್ಕಿದ ನಂತರ ಕೋರ್ಟಿನಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಠಾಣೆಯ ಅಂಗಳದಲ್ಲಿ ಒಂದು ಮಳೆಗಾಲ ಪೂರ್ತಿ ನಿಂತಿತ್ತು. ಒಮ್ಮೆ ಮಹಜರಿಗೆ ಸೇರಿದರೆ ನಿನ್ನ ಕಾಗದದ ಗತಿಯೂ ಅದೇ, ನಾಳೆ 12 ಗಂಟೆಗೆ ನೀನು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ, ನಿನ್ನದನ್ನು ಬ್ಯಾಗಿಗೆ ಹಾಕಿಕೊಂಡು ಹೋಗು, ಫೋನ್ ನಾನು ಮಾಡುತ್ತೇನೆ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ.

“ನಾನು ಹೋದ್ರೆ ಇದು ನಿಮ್ಮ ಮತ್ತು ಬಾಡಿಗೆದಾರರ ಜಗಳ ಆಗ್ತದೆ ಸರ್. ಆ ಹುಡುಗಿಯರು ಹೆದರಿ ಬಾಯಿ ಬಿಡುದಿಲ್ಲ, ಅವರ ಮನೆ ದೂರ. ಇಲ್ಲಿ ಕೂತು ಇದು ನಂದು, ಕೇಳಿದ್ರೂ ಕೊಡ್ಲಿಲ್ಲ ಅಂತ ಹೇಳುವವಳು ನಾನೊಬ್ಬಳೇ. ನನ್ನ ಕಾರ್ಡ್ ಆ ಅಟ್ಟಿಯಲ್ಲಿ ಇದ್ರೆ ಮಾತ್ರ ಕೇಸು.”

“ನಿಂಗೆ ಮರ್ಲಾ ಮಗಾ?” ಎಂದು ತಾಯಿ ಅತ್ತರು. ಮರ್ಲು ಎಂದರೆ ನಮ್ಮಲ್ಲಿ ಹುಚ್ಚು. ಎರಡು ವರ್ಷ ಹಗಲು ರಾತ್ರಿ ಓದಿ ತೆಗೆದ ಸೀಟು, ಯಾರದ್ದೋ ಮಕ್ಕಳಿಗೆ ಬೇಕಾಗಿ ಬಿಡುತ್ತೀಯಾ ಎಂದು ಕೇಳಿದರು. ಹುಡುಗಿ ತನ್ನ ಅಂಕಪಟ್ಟಿಗಳನ್ನು ಶ್ರವಣ್‌ನ ಮೇಜಿನ ಮೇಲೆ ವಾಪಸು ಇಟ್ಟು, 112ಕ್ಕೆ ಫೋನ್ ಮಾಡಿದಳು. ತಾಯಿ ಕಣ್ಣು ಒರೆಸಿಕೊಂಡು, “ಆಯ್ತು, ಕೂರು. ನಾನೂ ಕೂರ್ತೇನೆ” ಎಂದು ಮಗಳ ಪಕ್ಕದಲ್ಲಿ ಕುಳಿತರು. ನನ್ನ ಈ ವಯಸ್ಸಿನಲ್ಲಿ ಹದಿನೆಂಟು ವರ್ಷದ ಹುಡುಗಿಯ ಮುಂದೆ ನಾನು ಸಣ್ಣವನು ಎಂದು ಅನಿಸಿದ್ದು ಸತ್ಯ. ಅದನ್ನು ಹೇಳಲು ನನಗೆ ನಾಚಿಕೆ ಇಲ್ಲ.

ಪೊಲೀಸರು ಬರುತ್ತಾರೆಂದು ತಿಳಿದ ಮೇಲೆ ಶ್ರವಣ್ ಕವರುಗಳ ಅಟ್ಟಿಯನ್ನು ತೊಟ್ಟೆಗೆ ತುಂಬಲು ಹೋದ. ಆಗ ನಾನು ಕಪಾಟಿನ ಮುಂದೆ ಕುರ್ಚಿ ಹಾಕಿ ಕುಳಿತೆ. ಕಪಾಟು ನನ್ನದು, ಕುರ್ಚಿಯೂ ನನ್ನದು. ನಾನು ಆತನನ್ನು ದೂಡಿದೆ ಎಂಬ ಆತನ ಆರೋಪವನ್ನು ಅಲ್ಲಗಳೆಯುತ್ತೇನೆ. ನನ್ನ ತೂಕ ತಾವೇ ನೋಡುತ್ತಿದ್ದೀರಿ. ನಾನು ದೂಡಿದ್ದರೆ ಆತ ಠಾಣೆಯವರೆಗೆ ನಡೆದುಕೊಂಡು ಬರುತ್ತಿರಲಿಲ್ಲ.

3.10ಕ್ಕೆ ಪೊಲೀಸರು ಬಂದರು. ನನ್ನ ಮತ್ತು ಉಮರಬ್ಬರವರ ಸಮಕ್ಷಮ ಮಹಜರು ನಡೆದು, ಯಶ್ಮಿತಾಳದ್ದೂ ಸೇರಿ ಇಪ್ಪತ್ತಮೂರು ಹುಡುಗಿಯರ ಮೂಲ ಅಂಕಪಟ್ಟಿಗಳನ್ನು ವಶಪಡಿಸಿಕೊಂಡು ಪ್ಯಾಕ್ ಮಾಡಿ ಸೀಲ್ ಹಾಕಲಾಯಿತು. ಮೇಜಿನ ಮೇಲಿದ್ದ ಯಶ್ಮಿತಾಳ ಅಂಕಪಟ್ಟಿಗಳನ್ನು ಆಕೆಯೇ ಎತ್ತಿ ಕೊಟ್ಟಳು. ವಿಷಯ ತಿಳಿದು ಹಿಂದಿನ ಓಣಿಯ ಹುಡುಗಿಯರು ಮೆಟ್ಟಿಲಿನಲ್ಲಿ ಬಂದು ನಿಂತಿದ್ದರು. ಅವರಲ್ಲಿ ಒಬ್ಬಳು ತನ್ನ ಹೆಸರು ಓದಿದಾಗ ಜೋರಾಗಿ ಅತ್ತುಬಿಟ್ಟಳು. ಇವನ್ನು ನ್ಯಾಯಾಲಯದ ಅಪ್ಪಣೆ ಇಲ್ಲದೆ ಬಿಟ್ಟುಕೊಡಲು ಬರುವುದಿಲ್ಲ, ಅದಕ್ಕೆ ಕೆಲವು ದಿನ ಹಿಡಿಯಬಹುದು ಎಂದು ತಾವು ಆಗ ತಿಳಿಸಿದ್ದೀರಿ. ತಾವು ಕಾನೂನು ಹೇಳಿದ್ದು, ಅದರಲ್ಲಿ ತಪ್ಪಿಲ್ಲ.

ಸದ್ರಿ ಯಶ್ಮಿತಾ ಈಗ ಠಾಣೆಯ ಜಗಲಿಯ ಬೆಂಚಿನಲ್ಲಿ ಕುಳಿತಿದ್ದಾಳೆ. ನಾನು ಹೇಳಿಕೆ ಕೊಡಲು ಒಳಗೆ ಬರುವ ಮೊದಲು, ನಿನ್ನ ಬಗ್ಗೆ ಏನು ಬರೆಸಲಿ ಎಂದು ಆಕೆಯನ್ನು ಕೇಳಿದೆ. “ನಂಗೆ ಅಂತ ಸ್ಪೆಷಲ್ ಎಂತದೂ ಬರೆಸ್ಬೇಡಿ ಸರ್. ಎಲ್ಲರದ್ದೂ ಒಟ್ಟಿಗೆ ಬರ್ಲಿ” ಎಂದಳು. ಆಗಲಿ ಎಂದು ಒಪ್ಪಿ ಒಳಗೆ ಬಂದೆ.

ಆದರೆ ಇದು ಆಕೆಯ ಹೇಳಿಕೆಯಲ್ಲ, ನನ್ನದು. ಆದ್ದರಿಂದ ನಾನು ಕೇಳಿಕೊಳ್ಳುವುದೇನೆಂದರೆ, ನಾಳೆ ಬೆಳಗ್ಗೆ ಯಶ್ಮಿತಾಳ ಅಂಕಪಟ್ಟಿಗಳನ್ನು ತಮ್ಮ ಒಬ್ಬ ಸಿಬ್ಬಂದಿಯ ಕೈಯಲ್ಲಿಯೇ ಇಟ್ಟು ಆ ಕಾಲೇಜಿಗೆ ಕಳುಹಿಸಬೇಕು. ಆಕೆ ಅದನ್ನು ಮುಟ್ಟುವುದೂ ಬೇಡ, ಕಾಲೇಜಿನವರು ಕಣ್ಣಿನಿಂದ ನೋಡಿದರೆ ಸಾಕು. ಅಲ್ಲಿಂದ ನೇರ ವಾಪಸು ತಂದು ಠಾಣೆಗೆ ಒಪ್ಪಿಸಲಿ. ಇದಕ್ಕೆ ತಮ್ಮ ಮೇಲಧಿಕಾರಿಗಳ ಅಪ್ಪಣೆ ಬೇಕಾದರೆ ಅವರ ಕಚೇರಿಯ ಬಾಗಿಲಿನಲ್ಲಿ ನಾನು ಕಾಯುತ್ತೇನೆ. ಕಾರು ನನ್ನದು, ಓಡಿಸುವವನು ನಾನು, ಜಾಮೀನು ಬೇಕಾದರೆ ಅದಕ್ಕೂ ನಾನೇ. ಬೆಳಗ್ಗೆ 8ಕ್ಕೆ ಗಾಡಿ ಠಾಣೆಯ ಮುಂದೆ ಬಂದಿರುತ್ತದೆ. ಆಗುವುದಿಲ್ಲ ಎಂದಾದರೆ ಅದನ್ನು ನನ್ನ ಬಳಿ ಹೇಳಬೇಡಿ. ಹೊರಗೆ ಬೆಂಚಿನಲ್ಲಿ ಕುಳಿತವಳ ಮುಖ ನೋಡಿ ತಾವೇ ಹೇಳಬೇಕು.

ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿಯೂ ಇದೆ. ಕೊನೆಯ ಭಾಗವನ್ನು ಹೇಳಿಕೆಯಲ್ಲಿ ಬರೆಯುವ ಕ್ರಮವಿಲ್ಲ ಎಂದು ತಿಳಿಸಿದ್ದೀರಿ. ಅದನ್ನು ತೆಗೆದರೆ ನಾನು ಸಹಿ ಹಾಕುವುದಿಲ್ಲ ಎಂದು ಹೇಳಿದ್ದರಿಂದ ಹಾಗೆಯೇ ಉಳಿಸಿ, ಕೆಳಗೆ ಸಹಿ ಹಾಕಿರುತ್ತೇನೆ.

ಸ್ಥಳ: ಬಜಪೆ, ಮಂಗಳೂರು
ದಿನಾಂಕ: 09-10-2025

(ಸಹಿ)
ನಿತ್ಯಾನಂದ ಆಳ್ವ